0.125 ದೊಡ್ಡದೋ, 0.5 ದೊಡ್ಡದೋ?

ಪ್ರೌಢಶಾಲೆಯ ಆರಂಭದ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ದಶಮಾಂಶದ ಪಾಠ ತೊಡಗುವ ಮುನ್ನ ನಾನು ಈ ಪ್ರಶ್ನೆಯನ್ನು ಕೇಳುತ್ತೇನೆ. 0.125 ಎಂದು ಕೈ ಎತ್ತುವವರು ಪ್ರತಿವರ್ಷವೂ ಇರುತ್ತಾರೆ, ಮತ್ತು ಅವರ ಬಳಿ ಕಾರಣವೂ ಇರುತ್ತದೆ: "ನೂರ ಇಪ್ಪತ್ತೈದು ಐದಕ್ಕಿಂತ ದೊಡ್ಡದಲ್ಲವೇ, ಮೇಡಂ?" ಬಿಂದುವಿನ ಬಲಕ್ಕಿರುವುದನ್ನು ಪೂರ್ಣಸಂಖ್ಯೆಯಂತೆ "ಪಾಯಿಂಟ್ ನೂರ ಇಪ್ಪತ್ತೈದು" ಎಂದು ಓದುವ ರೂಢಿಯೇ ಈ ತಪ್ಪನ್ನು ಪೋಷಿಸುತ್ತದೆ. ಆದ್ದರಿಂದ "ಸೊನ್ನೆ ಬಿಂದು ಒಂದು ಎರಡು ಐದು" ಎಂದು ಅಂಕಿ ಅಂಕಿಯಾಗಿಯೇ ಓದಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ.

ಆದರೆ 0.5 ಎಂದವರೆಲ್ಲರೂ ವಿಷಯವನ್ನು ಅರಿತಿದ್ದಾರೆಂದು ಭಾವಿಸುವಂತಿಲ್ಲ. ಶತಾಂಶ (ನೂರರಲ್ಲೊಂದು ಭಾಗ), ಸಹಸ್ರಾಂಶ (ಸಾವಿರದಲ್ಲೊಂದು ಭಾಗ) ಇವು ದಶಾಂಶಕ್ಕಿಂತ (ಹತ್ತರಲ್ಲೊಂದು ಭಾಗ) ಚಿಕ್ಕವು ಎಂಬುದನ್ನು ಕಲಿತ ಕೆಲವರು, ಅಂಕಿಗಳು ಹೆಚ್ಚಿದಷ್ಟೂ ಸಂಖ್ಯೆ ಚಿಕ್ಕದಾಗುತ್ತದೆ ಎಂಬ ಸೂತ್ರವನ್ನು ತಾವೇ ಕಟ್ಟಿಕೊಂಡಿರುತ್ತಾರೆ, ಅಂಥವರು 0.45ಕ್ಕಿಂತ 0.3 ದೊಡ್ಡದು ಎನ್ನುತ್ತಾರೆ. ಮೊದಲ ಪ್ರಶ್ನೆಗೆ ಅವರಿಗೆ ದೊರೆತದ್ದು ತಪ್ಪು ದಾರಿಯಲ್ಲಿ ಬಂದ ಸರಿ ಉತ್ತರ. ಒಂದೇ ಪ್ರಶ್ನೆ ಕೇಳಿ ಮುಂದೆ ಸಾಗಿದರೆ ಈ ಮಕ್ಕಳು ಶಿಕ್ಷಕರ ಕಣ್ಣಿಗೆ ಬೀಳುವುದೇ ಇಲ್ಲ.

ಇಬ್ಬರಿಗೂ ನಾನು ಕೊಡುವುದು ಹತ್ತು ಸಾಲು, ಹತ್ತು ಕಂಬಗಳ ನೂರು ಚೌಕದ ಒಂದು ಹಾಳೆ. ಇಡೀ ಹಾಳೆಯೇ ಒಂದು. ಅದರ ಅರ್ಧಕ್ಕೆ ಬಣ್ಣ ಹಚ್ಚಿದರೆ 50 ಚೌಕ, ಆ ಅರ್ಧದ ಅರ್ಧ 25 ಚೌಕ. ಅದನ್ನೂ ಅರ್ಧ ಮಾಡಲು ಹೇಳಿದಾಗ ಮಕ್ಕಳು ಹನ್ನೆರಡು ಚೌಕ ತುಂಬಿ ಪೆನ್ಸಿಲ್ ನಿಲ್ಲಿಸುತ್ತಾರೆ. ಸ್ವಲ್ಪ ಯೋಚಿಸಿ ಹದಿಮೂರನೆಯದನ್ನು ಸೀಳಿ ಅರ್ಧಕ್ಕೆ ಮಾತ್ರ ಬಣ್ಣ ಹಚ್ಚುತ್ತಾರೆ. ಇಡೀ ಪಾಠದ ತಿರುಳು ಆ ಸೀಳಿದ ಚೌಕದಲ್ಲಿದೆ. ಬಣ್ಣ ತುಂಬಿದ ಭಾಗ ಹಾಳೆಯ 1/8. ಒಂದು ಪೂರ್ತಿ ಕಂಬ, ಎರಡು ಚೌಕ ಮತ್ತು ಅರ್ಧ ಚೌಕ, ಅಂದರೆ ಒಂದು ದಶಾಂಶ, ಎರಡು ಶತಾಂಶ, ಐದು ಸಹಸ್ರಾಂಶ ಸೇರಿ 0.125, ನೂರಕ್ಕೆ ಹನ್ನೆರಡೂವರೆ ಚೌಕವಾದ್ದರಿಂದ ಶೇಕಡಾ 12.5. ಭಿನ್ನರಾಶಿ, ದಶಮಾಂಶ, ಶೇಕಡಾ ಎಂದು ಮೂರು ಅಧ್ಯಾಯಗಳಲ್ಲಿ ಬೇರೆಬೇರೆಯಾಗಿ ಕಲಿಸುವುದು ಒಂದೇ ಸಂಖ್ಯೆಯನ್ನು ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. 0.5ಕ್ಕೆ ಐದು ಕಂಬ ಬೇಕೆಂದು ಕಂಡ ಮೇಲೆ ಮೊದಲ ಪ್ರಶ್ನೆಗೆ ಯಾರೂ ತಡವರಿಸುವುದಿಲ್ಲ.

ಎಲ್ಲ ಭಿನ್ನರಾಶಿಗಳೂ ಹೀಗೆ ಅಚ್ಚುಕಟ್ಟಾಗಿ ಮುಗಿಯುವುದಿಲ್ಲ. ಸಂಕ್ಷಿಪ್ತ ರೂಪದಲ್ಲಿ ಛೇದದ ಅವಿಭಾಜ್ಯ ಅಪವರ್ತನಗಳು 2 ಮತ್ತು 5 ಮಾತ್ರ ಆಗಿದ್ದರೆ ದಶಮಾಂಶ ಕೊನೆಗೊಳ್ಳುತ್ತದೆ, ಇಲ್ಲದಿದ್ದರೆ ಆವರ್ತವಾಗುತ್ತದೆ. 1/7ರಲ್ಲಿ 142857 ಎಂಬ ಆರು ಅಂಕಿಗಳು ಮರಳಿ ಮರಳಿ ಬರುತ್ತವೆ.

ಭಿನ್ನರಾಶಿಗಳ ಸಂಕಲನದಲ್ಲಿಯೂ ಮೂಲ ತೊಡಕು ಮೊದಲಿನದೇ: ಒಂದು ಸಂಖ್ಯೆಯ ಭಾಗಗಳನ್ನು ಬಿಡಿ ಪೂರ್ಣಸಂಖ್ಯೆಗಳಂತೆ ಓದುವುದು. 1/2 + 1/3 = 2/5 ಎಂದು ಬರೆಯುವ ಮಗು ಅಂಶ, ಛೇದಗಳನ್ನು ಎರಡು ಬಿಡಿ ಸಂಖ್ಯೆಗಳಾಗಿ ನೋಡುತ್ತಿದೆ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ವಿಧಾನವನ್ನು ಮತ್ತೊಮ್ಮೆ ಹೇಳುವ ಬದಲು, 2/5 ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳುವುದು ಮೇಲು. ಅದು 0.4, ಅರ್ಧಕ್ಕೆ ಇನ್ನಷ್ಟು ಕೂಡಿಸಿದರೂ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಮಗುವೇ ತನ್ನ ಉತ್ತರವನ್ನು ಅನುಮಾನಿಸತೊಡಗುತ್ತದೆ.

ಶೇಕಡಾವಾರು ಲೆಕ್ಕಗಳಲ್ಲಿ ಎಡವುವುದು ಗುಣಾಕಾರದಲ್ಲಲ್ಲ, "ಯಾವುದರ ಶೇಕಡಾ?" ಎಂದು ಕೇಳಿಕೊಳ್ಳದಿರುವುದರಲ್ಲಿ. 80ನ್ನು ಶೇಕಡಾ 25ರಷ್ಟು ಹೆಚ್ಚಿಸಿದರೆ 100. ಅದನ್ನೇ ಶೇಕಡಾ 25ರಷ್ಟು ಇಳಿಸಿದರೆ 80 ಅಲ್ಲ, 75. ಮೊದಲು 80ರ ಕಾಲುಭಾಗ ಕೂಡಿತ್ತು, ಬಳಿಕ 100ರ ಕಾಲುಭಾಗ ಕಳೆಯಿತು. 80ಕ್ಕೇ ಮರಳಲು ಶೇಕಡಾ 20 ಇಳಿಸಿದರೆ ಸಾಕು. ಹಾಗಾಗಿ ನನ್ನ ತರಗತಿಯಲ್ಲಿ ಶೇಕಡಾವಾರು ಲೆಕ್ಕದ ಪ್ರತಿ ಹಂತದಲ್ಲೂ, ಆಗ ನೂರೆಂದು ಹಿಡಿದ ಸಂಖ್ಯೆ ಯಾವುದೆಂದು ಅಂಚಿನಲ್ಲಿ ಬರೆದ ಬಳಿಕವೇ ಮುಂದಿನ ಸಾಲಿಗೆ ಹೋಗಬೇಕು.