ಕೈತೋಟಕ್ಕೆ ವರ್ಷದ ಯೋಜನೆ: ಬೀಜಕ್ಕಿಂತ ಮೊದಲು ಬಿಸಿಲು ನೋಡಿ

ಪ್ರಶ್ನೆ: ಬೆಂಗಳೂರಿನಲ್ಲಿ 30×40 ಸೈಟಿನ ಮನೆ ನಮ್ಮದು. ಬರುವ ವರ್ಷ ತಾರಸಿ ಮೇಲೂ ಬಾಲ್ಕನಿಯಲ್ಲೂ ಕೈತೋಟ ಮಾಡಬೇಕೆಂದಿದ್ದೇವೆ. ಜನವರಿಯಲ್ಲೇ ಶುರು ಮಾಡಬಹುದೇ? ಯಾವ ತಿಂಗಳು ಯಾವ ಬೀಜ ಹಾಕಬೇಕು?

ಜನವರಿಯಲ್ಲೇ ಶುರು ಮಾಡಿ, ಆದರೆ ಬೀಜದಿಂದ ಬೇಡ. ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನೋಡಿ ಬಂದ ಹುರುಪಿನಲ್ಲಿ ಚೀಲ ತುಂಬ ಬೀಜ, ಸಸಿ ತರುವವರು ಬಹಳ. ಅವು ಬೇರೂರಿ ನಿಲ್ಲುವಷ್ಟರಲ್ಲಿ ಮಾರ್ಚ್ ಬಿಸಿಲು ಬಂದುಬಿಡುತ್ತದೆ. ತಾರಸಿ ಕಾದು, ಗಿಡ ಬಾಡಿ, ‘ನಮ್ಮ ಕೈಗೆ ಗಿಡ ಬರೋದಿಲ್ಲ’ ಎಂದು ಕೈಚೆಲ್ಲುತ್ತಾರೆ. ತಪ್ಪು ಕೈಯದ್ದಲ್ಲ, ಕಾಲದ್ದು.

ಮೊದಲ ಕೆಲಸ, ನಿಮ್ಮ ಮನೆಯ ಬಿಸಿಲು ಎಲ್ಲೆಲ್ಲಿ ಬೀಳುತ್ತದೆಂದು ತಿಳಿಯುವುದು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಶೂನ್ಯ ನೆರಳಿನ ದಿನ ಎನ್ನುವುದು ಇದನ್ನೇ. ಈ ಎರಡರ ನಡುವಿನ ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಡಿಸೆಂಬರ್ ಕೊನೆಗೆ ಸುಮಾರು 36 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ.

ಇದರಿಂದ ಕೈತೋಟಕ್ಕೆ ಆಗುವ ವ್ಯತ್ಯಾಸ ದೊಡ್ಡದು. ದಕ್ಷಿಣದ ಬಾಲ್ಕನಿಗೆ ಜನವರಿಯಲ್ಲಿ ಗೋಡೆವರೆಗೂ ಬಿಸಿಲು ಬರುತ್ತದೆ, ಜೂನ್‌ನಲ್ಲಿ ಅದೇ ಜಾಗ ಮೇಲಿನ ಸಜ್ಜಾ ನೆರಳಿಗೆ ಹೋಗುತ್ತದೆ. ಉತ್ತರದ ಬಾಲ್ಕನಿಯದು ಇದಕ್ಕೆ ತದ್ವಿರುದ್ಧ. ಮನೆಯ ದಕ್ಷಿಣಕ್ಕೆ ಮೂರಂತಸ್ತಿನ ಕಟ್ಟಡವಿದ್ದರೆ ಜನವರಿಯಲ್ಲಿ ನಿಮ್ಮ ತಾರಸಿ ಮೇಲೆ ಬೀಳುವ ನೆರಳು ಏಪ್ರಿಲ್ ಹೊತ್ತಿಗೆ ಹಿಂದೆ ಸರಿದಿರುತ್ತದೆ. ಹಾಗಾಗಿ ಜನವರಿಯ ನೆರಳು ನೋಡಿ ಯಾವ ಮೂಲೆಯನ್ನೂ ಕೈಬಿಡಬೇಡಿ. ಒಂದು ಭಾನುವಾರ ಸೀಮೆಸುಣ್ಣ ಹಿಡಿದು ಬೆಳಗ್ಗೆ 9, ಮಧ್ಯಾಹ್ನ 12, ಸಂಜೆ 4 ಗಂಟೆಗೆ ನೀರಿನ ಟ್ಯಾಂಕು, ಪ್ಯಾರಪೆಟ್ ಗೋಡೆಯ ನೆರಳಿನ ಅಂಚನ್ನು ನೆಲದ ಮೇಲೆ ಗೆರೆ ಎಳೆದು ಫೋಟೊ ತೆಗೆದಿಡಿ. ಯುಗಾದಿ ಹೊತ್ತಿಗೊಮ್ಮೆ, ಜೂನ್‌ನಲ್ಲೊಮ್ಮೆ ಹೀಗೇ ಮಾಡಿ. ಆರು ತಾಸು ಬಿಸಿಲಿರುವ ಕಡೆ ಟೊಮೆಟೊ, ಬದನೆ, ಬೆಂಡೆ. ಮೂರು-ನಾಲ್ಕು ತಾಸಿನ ಕಡೆ ಸೊಪ್ಪು. ಅದಕ್ಕೂ ಕಡಿಮೆ ಇದ್ದರೆ ದೊಡ್ಡಪತ್ರೆ, ಒಂದೆಲಗ.

ಜನವರಿಯಲ್ಲೇ ಆಗಬೇಕಾದ ಇನ್ನೊಂದು ಕೆಲಸ ಗೊಬ್ಬರ. ಅಡುಗೆಮನೆ ಕಸ ಗೊಬ್ಬರವಾಗಲು ಎರಡು-ಮೂರು ತಿಂಗಳು ಬೇಕು. ಆಗ ಹಾಕಿದರೆ ಮುಂಗಾರು ಪೂರ್ವ ಮಳೆಗೆ ಸರಿಯಾಗಿ ಕೈಗೆ ಸಿಗುತ್ತದೆ. ಕಸದ ಜತೆ ಪದರ ಪದರವಾಗಿ ಒಣ ಎಲೆ ಬೇಕೇ ಬೇಕು, ಇಲ್ಲದಿದ್ದರೆ ಕೊಳೆತು ನಾರುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಹೊಂಗೆ, ಬೇವು ಎಲೆ ಉದುರಿಸುವಾಗ ಒಂದೆರಡು ಗೋಣಿಚೀಲ ತುಂಬಿಟ್ಟುಕೊಳ್ಳಿ. ಮಳೆಗಾಲದಲ್ಲಿ ಹುಡುಕಿದರೆ ಒಣ ಎಲೆ ಸಿಗುವುದಿಲ್ಲ.

ತಾರಸಿಯಲ್ಲಿ ಒಸರು ಇದ್ದರೆ ಏಪ್ರಿಲ್ ಒಳಗೆ ರಿಪೇರಿ ಮಾಡಿಸಿ, ಕುಂಡಗಳನ್ನು ಆಮೇಲೆ ಹತ್ತಿಸಿ. ಭಾರದ ವಿಷಯದಲ್ಲಿ ಉದಾಸೀನ ಬೇಡ: 20 ಲೀಟರಿನ ಕುಂಡಕ್ಕೆ ಬರೀ ಕೆಂಪುಮಣ್ಣು ತುಂಬಿ ನೀರು ಹಾಕಿದರೆ 30 ಕಿಲೊ ದಾಟುತ್ತದೆ. ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಸಮಸಮ ಬೆರೆಸಿ, ಕುಂಡಗಳನ್ನು ತಾರಸಿ ನಡುವೆ ಇಡದೆ ಕೆಳಗೆ ಗೋಡೆ, ಬೀಮ್ ಇರುವ ಗುಂಟ ಇಡಿ. ಮಳೆನೀರಿನ ಪೈಪಿಗೆ ಒಂದು ಡ್ರಮ್ ಕೂಡಿಸಿಕೊಳ್ಳುವುದೂ ಒಳ್ಳೆಯದು. 90 ಚದರ ಮೀಟರ್ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು.

ಅಲ್ಲಿಯವರೆಗೆ ಕೈ ಸುಮ್ಮನಿರುವುದಿಲ್ಲ ಎನ್ನುವವರು ಜನವರಿಯಲ್ಲಿ ಮೆಂತ್ಯ, ದಂಟು, ಪಾಲಕ್ ಚೆಲ್ಲಿ. ಮೆಂತ್ಯ ತಿಂಗಳೊಳಗೆ ಸಾರಿಗೆ ಬರುತ್ತದೆ. ಟೊಮೆಟೊ ಮಾತ್ರ ಬೇಸಿಗೆಗೆ ಹಾಕಬೇಡಿ ಎಂದೇ ನನ್ನ ಸಲಹೆ. ಒಣಹವೆಯಲ್ಲಿ ಬಿಳಿ ನೊಣ ಹೆಚ್ಚಿ ಎಲೆ ಮುರುಟು ರೋಗ ಹರಡುತ್ತದೆ. ಹಾಕಲೇಬೇಕೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಆರಿಸಿ. ಇದು ಎಲೆ ಮುರುಟು ರೋಗ ತಡೆಯುವಂತೆ ರೂಪಿಸಿದ ತಳಿ. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜದಿಂದ ಅದೇ ಗುಣದ ಗಿಡ ಬರುವುದಿಲ್ಲ, ಎತ್ತಿಟ್ಟು ಪ್ರಯೋಜನವಿಲ್ಲ.

ಏಪ್ರಿಲ್ ಕೊನೆಗೆ ಭರಣಿ ಮಳೆ. ಆಗ ಅಗಲದ ಕುಂಡದಲ್ಲಿ ಮೊಳಕೆ ಕಣ್ಣಿರುವ ಶುಂಠಿ, ಅರಿಸಿನದ ತುಂಡು ಹೂಳಿ, ಮೇಲೆ ಒಣ ಎಲೆ ಮುಚ್ಚಿ. ಡಿಸೆಂಬರ್-ಜನವರಿಗೆ ಎಲೆ ಹಳದಿಯಾದಾಗ ಕೀಳಬಹುದು. ಜೂನ್‌ನಲ್ಲಿ ಹೀರೆ, ಪಡವಲ, ಅಲಸಂದೆ. ಇವಕ್ಕೆಲ್ಲ ಮೇ ತಿಂಗಳಲ್ಲೇ ಚಪ್ಪರ ಕಟ್ಟಿರಬೇಕು, ಬಳ್ಳಿ ಬೆಳೆದ ಮೇಲೆ ಗೂಟ ನೆಟ್ಟರೆ ಬೇರು ಹರಿಯುತ್ತದೆ.

ಈ ಲೆಕ್ಕ ಬೆಂಗಳೂರು, ಮೈಸೂರು, ತುಮಕೂರಿನ ಕಡೆಗೆ. ಕರಾವಳಿಯ ಜೂನ್-ಜುಲೈ ಮಳೆಗೆ ಸೊಪ್ಪಿನ ಬೀಜ ಕೊಚ್ಚಿಕೊಂಡು ಹೋಗುತ್ತದೆ. ಅಲ್ಲಿ ಮಳೆಗಾಲದಲ್ಲಿ ಚಪ್ಪರದ ಬಳ್ಳಿ, ಭತ್ತದ ಕೊಯ್ಲಿನ ನಂತರ ಹರಿವೆ, ಬದನೆ. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆ 40 ಡಿಗ್ರಿ ದಾಟುವುದರಿಂದ ಅಕ್ಟೋಬರ್‌ನಿಂದ ಫೆಬ್ರವರಿಯೇ ಮುಖ್ಯ ಹಂಗಾಮು. ಏಪ್ರಿಲ್-ಮೇನಲ್ಲಿ ಇರುವ ಗಿಡಕ್ಕೆ ನೆರಳು ಪರದೆ ಕಟ್ಟಿ ಉಳಿಸಿಕೊಂಡರೆ ಅದೇ ದೊಡ್ಡದು.

ಇನ್ನು ಅವರೆ. ಇದೊಂದನ್ನಾದರೂ ವರ್ಷದ ಪಟ್ಟಿಯಲ್ಲಿ ಸೇರಿಸಿ. ನಾಟಿ ಅವರೆ ಹಗಲು ಚಿಕ್ಕದಾದರಷ್ಟೇ ಹೂ ಬಿಡುವ ಬಳ್ಳಿ. ಬೇಸಿಗೆಯಲ್ಲಿ ಬಿತ್ತಿದರೆ ಪ್ಯಾರಪೆಟ್ ತುಂಬ ಹಬ್ಬೀತೇ ಹೊರತು ತಿಂಗಳುಗಟ್ಟಲೆ ಹೂ ಕಾಣದು. ಜುಲೈನಲ್ಲಿ ಬಿತ್ತಿ, ಸಂಕ್ರಾಂತಿಗೆ ಸೊಗಡಿನ ಕಾಯಿ ಬಿಡಿಸಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ತಳಿಗೆ ಈ ಕಟ್ಟುಪಾಡಿಲ್ಲ, ವರ್ಷದ ಬೇರೆ ಕಾಲದಲ್ಲೂ ಕಾಯಿ ಕೊಡುತ್ತದೆ. ನಾನಂತೂ ನಾಟಿ ಅವರೆಯ ಪಕ್ಷ. ಕೊನೆಯಲ್ಲಿ ಒಂದೆರಡು ಬಳ್ಳಿಯ ಕಾಯಿ ಕೀಳದೆ ಅಲ್ಲೇ ಒಣಗಲು ಬಿಡಿ. ಬೀಜ ಬಿಡಿಸಿ, ಚೆನ್ನಾಗಿ ಬಿಸಿಲಿಗೆ ಹಾಕಿ, ಬೂದಿ ಬೆರೆಸಿ ಡಬ್ಬಿಗೆ ತುಂಬಿಟ್ಟರೆ ಮುಂದಿನ ಜುಲೈಗೆ ಬೀಜ ಕೊಳ್ಳಬೇಕಿಲ್ಲ.