ಕರುಳಿನ ಹೊಲಿಗೆಗೆ ಪ್ಯಾಚ್: ಇಲಿಯಲ್ಲಿ ಏನನ್ನು ಅಳೆಯಬೇಕು?

ಕತ್ತರಿಸಿದ ಕರುಳಿನ ತುದಿಗಳನ್ನು ಹೊಲಿದು ಕೂಡಿಸಿದ ಜಾಗ (ಜೋಡಣೆ) ಸೋರದಂತೆ ಅದರ ಮೇಲೆ ಪ್ಯಾಚ್ ಹೊದಿಸಿ ಇಲಿಗಳಲ್ಲಿ ಪರೀಕ್ಷಿಸುತ್ತಾರೆ. ಕರುಳಿನ ಗೋಡೆಯಲ್ಲಿ ಹೊಲಿಗೆಯ ದಾರವನ್ನು ಹಿಡಿದು ನಿಲ್ಲಿಸುವುದು ಸಬ್‌ಮ್ಯೂಕೋಸಾ (ಒಳಪೊರೆಯ ಕೆಳಗಿನ) ಪದರದ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್. ಶಸ್ತ್ರಚಿಕಿತ್ಸೆಯಾದ ಮೊದಲ ಮೂರ್ನಾಲ್ಕು ದಿನ ಕಿಣ್ವಗಳು ಅಂಚಿನ ಹಳೆಯ ಕೊಲಾಜೆನನ್ನು ಕರಗಿಸುತ್ತವೆ, ಹೊಸದಿನ್ನೂ ಸಾಲುವಷ್ಟು ಹುಟ್ಟಿರುವುದಿಲ್ಲ. ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಅಂಟಾಗಲಿ, ಕೊಲಾಜೆನ್ ಪ್ಯಾಚ್ ಆಗಲಿ, ಹಂದಿಯ ಸಣ್ಣಕರುಳಿನಿಂದ ತೆಗೆದ ಜೀವಕೋಶರಹಿತ ಪದರವಾಗಲಿ, ಹೊಲಿಗೆಯನ್ನು ಕಾಪಾಡಬೇಕಾದದ್ದು ಈ ದಿನಗಳಲ್ಲೇ.

ಆದರೆ ಆರೋಗ್ಯವಂತ ಇಲಿಯ ದೊಡ್ಡಕರುಳು ಸರಿಯಾಗಿ ಹೊಲಿದರೆ ಪ್ಯಾಚ್ ಇಲ್ಲದೆಯೂ ಕೂಡಿಕೊಳ್ಳುತ್ತದೆ. ಅಂಥ ಕರುಳಿಗೆ ಹೊದಿಸಿದ ಪ್ಯಾಚ್ ಗೆದ್ದರೂ ಅದು ಗೆಲುವಲ್ಲ. ಬೇಕೆಂದೇ ಜೋಡಣೆಯನ್ನು ದುರ್ಬಲಗೊಳಿಸಬೇಕು: ಸುತ್ತಲೂ 12 ಹೊಲಿಗೆ ಹಾಕುವ ಕಡೆ 5 ಮಾತ್ರ. ಪ್ಯಾಚ್ ಇಲ್ಲದ ಗುಂಪಿನಲ್ಲಿ ಸೋರಿಕೆ ಕಾಣದಿದ್ದರೆ ಮಾದರಿಯನ್ನೇ ಬದಲಿಸಿ.

ಫೈಬ್ರಿನೋಜೆನ್ (ಫೈಬ್ರಿನ್ ಆಗಿ ಬದಲಾಗುವ ಪ್ರೋಟೀನ್) ಲೇಪಿತ ಪ್ಯಾಚನ್ನು ಸಲೈನಿನಲ್ಲಿ ತೇವಮಾಡಿ 3–5 ನಿಮಿಷ ಒತ್ತಿಹಿಡಿಯಬೇಕು. ತೊಂದರೆ ಬರುವುದು ಕರುಳನ್ನು ಹೊಟ್ಟೆಯ ಹಿಂಗೋಡೆಗೆ ಹಿಡಿದಿಡುವ ಪೊರೆಯಾದ ಮೆಸೆಂಟರಿಯ ಬದಿಯಲ್ಲಿ. ಅಲ್ಲಿ ಕೊಬ್ಬು, ರಕ್ತನಾಳ ಇರುವುದರಿಂದ ಪ್ಯಾಚ್ ಸಪಾಟಾಗಿ ಕೂರುವುದಿಲ್ಲ, ಮಡಿಕೆಯ ಕೆಳಗೆ ಸಂದು ಉಳಿಯುತ್ತದೆ. ಹಾಗೆಂದು ಬಿಗಿಯಾಗಿ ಸುತ್ತಿದರೆ ರಕ್ತ ಸಂಚಾರ ಕುಗ್ಗುತ್ತದೆ, ಕರುಳಿನ ದಾರಿಯೂ ಕಿರಿದಾಗುತ್ತದೆ. ಸಯನೋಅಕ್ರಿಲೇಟ್ ಅಂಟಿನಲ್ಲಿ ಉರಿಯೂತದ ಕಾಟ ಬೇರೆ.

ಎಷ್ಟು ಒತ್ತಡಕ್ಕೆ ಕರುಳು ಒಡೆಯುತ್ತದೆಂದು (ಒಡೆಯುವ ಒತ್ತಡ) ಅಳೆಯಲು ಜೋಡಣೆ ನಡುವೆ ಬರುವಂತೆ ಕರುಳಿನ ತುಂಡು ತೆಗೆದು, ಒಂದು ತುದಿ ಕಟ್ಟಿ, ಇನ್ನೊಂದಕ್ಕೆ ಕ್ಯಾನುಲಾ (ತೆಳು ಕೊಳವೆ) ಹಾಕಿ, ಪಂಪಿನಿಂದ ಒಂದೇ ವೇಗದಲ್ಲಿ ಬಣ್ಣ ಬೆರೆಸಿದ ಸಲೈನ್ ತುಂಬುತ್ತಾರೆ. ಜೋಡಣೆಗೆ ಅಂಟಿಕೊಂಡ ಓಮೆಂಟಮ್ಮನ್ನು (ಕರುಳಿನ ಮೇಲೆ ಹೊದ್ದಿರುವ ಕೊಬ್ಬಿನ ಪೊರೆ) ಕಿತ್ತರೆ ರಂಧ್ರ ನಾವೇ ಮಾಡಿದಂತೆ. ಬಿಟ್ಟರೆ ಅದರ ಬಲವನ್ನು ಪ್ಯಾಚಿನ ಲೆಕ್ಕಕ್ಕೆ ಬರೆದಂತೆ. ಬಿಡುವುದೇ ಮೇಲು, ಆದರೆ ಎಷ್ಟು ಅಂಟಿತ್ತೆಂದು ದಾಖಲಿಸಿ. ಅಳತೆ 3ನೇ ದಿನ ಆಗಲೇಬೇಕು. 7ನೇ ದಿನಕ್ಕೆ ಕರುಳು ಎಷ್ಟೋ ಸಲ ಜೋಡಣೆ ಬಿಟ್ಟು ಬೇರೆಡೆ ಒಡೆಯುತ್ತದೆ. ಒಡೆದ ಜಾಗವನ್ನೂ ಬರೆದಿಡಿ.

ನೋವಿಗೆ ಡೈಕ್ಲೋಫೆನಾಕ್ ಬೇಡ, ಇಲಿಗಳಲ್ಲಿ ಅದೇ ಸೋರಿಕೆ ಹೆಚ್ಚಿಸುತ್ತದೆ. ಬುಪ್ರೆನಾರ್ಫಿನ್ ಒಳ್ಳೆಯದು, ಆದರೆ ಅದನ್ನು ಕೊಟ್ಟ ಇಲಿಗಳು ಪಂಜರದ ಮರದ ಹೊಟ್ಟನ್ನು ತಿನ್ನುವುದುಂಟು, ಹಾಸನ್ನು ಬದಲಿಸಿ.

ಕೊನೆಯ ಎಡವಟ್ಟು ಲೆಕ್ಕದಲ್ಲಿ. 2ನೇ ದಿನವೇ ಸೋರಿ ಸತ್ತ ಇಲಿಯ ಒತ್ತಡ ಅಳೆಯಲಾಗುವುದಿಲ್ಲ. ಅದನ್ನು ಪಟ್ಟಿಯಿಂದ ಬಿಟ್ಟು ಬದುಕಿದವುಗಳ ಸರಾಸರಿ ತೆಗೆದರೆ, ಹೆಚ್ಚು ಇಲಿಗಳನ್ನು ಕೊಂದ ಪ್ಯಾಚೇ ಗಟ್ಟಿಯಾಗಿ ಕಾಣುತ್ತದೆ. ಆದ್ದರಿಂದ ಮುಖ್ಯ ಫಲಿತಾಂಶ ಸೋರಿಕೆಯೇ ಇರಲಿ. ಮರಣೋತ್ತರ ಪರೀಕ್ಷೆ ಮಾಡುವವರಿಗೆ ಯಾವ ಇಲಿ ಯಾವ ಗುಂಪಿನದೆಂಬುದು ತಿಳಿಯದಿರಲಿ. ಪ್ಯಾಚ್ ಕಣ್ಣಿಗೆ ಕಾಣುವುದರಿಂದ ಇದು ಕಷ್ಟವೇ, ಕನಿಷ್ಠ ಅಂಗಾಂಶದ ಸ್ಲೈಡ್ ಓದುವವರಿಗಾದರೂ ಸಂಕೇತ ಸಂಖ್ಯೆ ಮಾತ್ರ ಕೊಡಿ.