ಎರಡು ಜಡೆಯ ಶಾಲೆಯೊಳಗೆ

ಹಾಸ್ಟೆಲ್ ವಾರ್ಡನ್ ಫೋನ್ ಮಾಡಿದ್ದು ಒಂದು ಭಾನುವಾರ ಮಧ್ಯಾಹ್ನ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೊಲಿಗೆ ಕ್ಲಾಸಿನ ಕತ್ತರಿ ತಗೊಂಡು ಎರಡೂ ಜಡೆಗಳನ್ನು ಬುಡಕ್ಕೇ ಕತ್ತರಿಸಿಕೊಂಡಿದ್ದಳಂತೆ. ಮರುದಿನ ನಾನು ಬೆಳಗಾವಿಯಿಂದ ಹೋಗಿ ಮುಟ್ಟುವ ಹೊತ್ತಿಗೆ ಮೂರು ಕಾರಣಗಳು ತಯಾರಿದ್ದವು. ವಾರ್ಡನ್ ಪ್ರಕಾರ ಮೊಬೈಲಿನ ಹುಚ್ಚು. ಗಣಿತದ ಅಕ್ಕೋರ ಪ್ರಕಾರ ಗಂಡುಬೀರಿತನ. ರಾಮದುರ್ಗದ ಕಡೆಯಿಂದ ಬೆಳಗಿನ ಬಸ್ಸಿಗೇ ಬಂದು ಕೂತಿದ್ದ ತಾಯಿಯ ಪ್ರಕಾರ ಎಲ್ಲಮ್ಮನ ಕಾಟ. "ಹೋದ ವರ್ಷ ಭಾರತ ಹುಣ್ಣಿವಿಗೆ ಗುಡ್ಡಕ್ಕ ಹೋಗೂದು ತಪ್ಪೈತ್ರೀ ಮೇಡಮ್ಮಾರ" ಎಂದರು. ಕತ್ತರಿಸಿದ ಜಡೆಗಳನ್ನು ರಿಬ್ಬನ್ ಸಮೇತ ಪೇಪರಿನಲ್ಲಿ ಸುತ್ತಿ ಉಡಿಯಲ್ಲಿಟ್ಟುಕೊಂಡಿದ್ದರು.

ಮಗುವಿನದು ಮಾತ್ರ ಒಂದೇ ಮಾತು. "ನಾ ಹುಡುಗಿ ಅಲ್ರೀ."

ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿಂದ ಮುಂದೆ 'ಮಗು' ಎಂದೇ ಬರೆಯುತ್ತೇನೆ. ಅವಳು ಎನ್ನಬೇಕೋ ಅವನು ಎನ್ನಬೇಕೋ ಎಂಬ ಇಕ್ಕಟ್ಟಿನಿಂದ ಕನ್ನಡ ನನ್ನನ್ನು ಅಷ್ಟರಮಟ್ಟಿಗೆ ಪಾರು ಮಾಡುತ್ತದೆ.

ಹೆಣ್ಣುಮಕ್ಕಳ ಪ್ರೌಢಶಾಲೆಗಳಿಗೆ ಆಪ್ತಸಮಾಲೋಚಕಿಯಾಗಿ ಓಡಾಡುವ ನನಗೆ ಈ ಮಾತು ಹೊಸದಲ್ಲ. ಹೊಸದೇನೆಂದರೆ ಅದನ್ನು ಕೇಳಿದ ಕೂಡಲೇ ಎದ್ದುಬರುವ ಗದ್ದಲ. ಎರಡು ಮೂರು ವರ್ಷಗಳಿಂದ ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಎರಡು ಪಕ್ಷಗಳಾಗಿವೆ. ಒಂದು ಪಕ್ಷಕ್ಕೆ ಇದು ಫಾರಿನ್ನಿನಿಂದ ಬಂದ ರೋಗ. ಇನ್ನೊಂದು ಪಕ್ಷದಲ್ಲಿ ಹೊಸದಾಗಿ ಸೇರಿದ ಎಳೆ ವಯಸ್ಸಿನ ಶಿಕ್ಷಕಿಯರಿದ್ದಾರೆ. ಮಗು ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿ ಇವತ್ತೇ ಹೆಸರು ಬದಲಿಸಿಬಿಡಬೇಕು ಎನ್ನುವವರು. ಮಗುವಿನ ಜೊತೆ ಅರ್ಧ ತಾಸು ಕೂತವರು ಎರಡೂ ಪಕ್ಷದಲ್ಲಿ ಕಡಿಮೆ.

ಫಾರಿನ್ನಿನ ರೋಗ ಅನ್ನುವುದು ಎಲ್ಲಮ್ಮನ ಗುಡ್ಡವಿರುವ ಸವದತ್ತಿಯನ್ನು ತಾಲ್ಲೂಕಾಗಿ ಉಳ್ಳ ಜಿಲ್ಲೆಯಲ್ಲಿ ಕೂತು ಆಡುವ ಮಾತಲ್ಲ. ಗಂಡಾಗಿ ಹುಟ್ಟಿ ಸೀರೆ ಉಟ್ಟು, ಚೌಡಿಕೆ ಬಾರಿಸುತ್ತ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗಪ್ಪಗಳನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ. ಆ ಪರಂಪರೆಯಿಂದಲೇ ಬಂದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಇನ್ನೊಂದು ದಿಕ್ಕಿನ ಬಗ್ಗೆ ಯಾರೂ ಯೋಚಿಸಿದಂತಿಲ್ಲ. ಹುಡುಗನಾಗಿ ಹುಟ್ಟಿ ಹೆಣ್ಣಿನ ಕಡೆ ಹೋದವರಿಗೆ ನಮ್ಮ ಸೀಮೆಯಲ್ಲಿ ಒಂದು ಹೆಸರಿದೆ, ದೇವರ ಹೆಸರಿನಲ್ಲಿ ಒಂದು ಜಾಗವಿದೆ. ಆ ಜಾಗ ಎಷ್ಟು ಕಷ್ಟದ್ದು, ಎಷ್ಟು ಬೇಗ ಶಾಲೆ ಬಿಡಿಸುವಂಥದ್ದು ಎಂಬುದು ಬೇರೆ ಕಥೆ. ಹುಡುಗಿಯಾಗಿ ಹುಟ್ಟಿ "ನಾ ಹುಡುಗ" ಎಂದ ಮಗುವಿಗೆ ಮಾತ್ರ ಗುಡ್ಡದ ಮೇಲೆಯೂ ಹೆಸರಿಲ್ಲ. ಇರುವುದು ಗಂಡುಬೀರಿ ಎಂಬ ಬೈಗುಳ ಒಂದೇ. ಹುಡುಗಿಯರ ಶಾಲೆಗೆ ಎದುರಾಗುವುದು ಈ ಹೆಸರಿಲ್ಲದ ಮಗುವೇ.

ಇಂಗ್ಲೆಂಡ್, ಅಮೆರಿಕದ ಜಗಳವನ್ನು ಹಾಗೇ ಎತ್ತಿ ತಂದು ಇಲ್ಲಿ ಇಟ್ಟರೆ ಕೂಡುವುದಿಲ್ಲ, ಅದಕ್ಕೂ ಇದೇ ಕಾರಣ. ಅಲ್ಲಿ ಹೆಣ್ಣುಮಕ್ಕಳ ಸಂಸ್ಥೆಗಳ ದೊಡ್ಡ ಪ್ರಶ್ನೆ ಗೇಟಿನದು, ಯಾರನ್ನು ಒಳಗೆ ಬಿಡಬೇಕು ಎಂಬುದು. ಅಮೆರಿಕದ ಮೌಂಟ್ ಹೋಲಿಯೋಕ್ ಮಹಿಳಾ ಕಾಲೇಜು 2014ರಲ್ಲಿ ಲಿಂಗಪರಿವರ್ತಿತ ಮಹಿಳೆಯರಿಗೆ, ಅಂದರೆ ಗಂಡಾಗಿ ಹುಟ್ಟಿ ತಾವು ಹೆಣ್ಣು ಎಂದುಕೊಂಡವರಿಗೆ, ಬಾಗಿಲು ತೆರೆಯಿತು, ಮರುವರ್ಷ ವೆಲ್ಸ್‌ಲಿ, ಸ್ಮಿತ್ ಕಾಲೇಜುಗಳು ತೆರೆದವು. ಬ್ರಿಟನ್ನಿನಲ್ಲಿ ಗಾಳಿ ಬೇರೆ ಕಡೆ ಬೀಸಿತು. 2025ರ ಏಪ್ರಿಲ್ 16ರಂದು ಅಲ್ಲಿನ ಸುಪ್ರೀಂ ಕೋರ್ಟು, ಸಮಾನತೆಯ ಕಾಯ್ದೆಯಲ್ಲಿ 'ಹೆಣ್ಣು' ಎಂದರೆ ಜೈವಿಕವಾಗಿ ಹೆಣ್ಣು ಎಂದೇ ಅರ್ಥ ಎಂದು ತೀರ್ಪು ಕೊಟ್ಟಿತು. ಎರಡೂ ಕಡೆ ಸ್ತ್ರೀವಾದಿಗಳೇ ನಿಂತು ಹೊಡೆದಾಡಿದರು. ಬೈಲಹೊಂಗಲ, ಗೋಕಾಕದ ಹೆಣ್ಣುಮಕ್ಕಳ ಶಾಲೆಯ ಗೇಟಿಗೆ ಬಂದು ಹಾಗೆ ಯಾರೂ ಬಡಿಯುತ್ತಿಲ್ಲ. ನಮ್ಮ ಮಗು ಆಗಲೇ ಒಳಗಿದೆ, ಹಾಜರಿ ಪುಸ್ತಕದಲ್ಲಿದೆ, ಎರಡು ಜಡೆ ಹಾಕಿಕೊಂಡು ಮೂರನೇ ಬೆಂಚಿನಲ್ಲಿ ಕೂತಿದೆ.

ಜಡೆಯ ಸುದ್ದಿ ತಿಳಿದು ಆ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ ನನ್ನನ್ನು ಮನೆಗೆ ಕರೆಸಿದರು. ಅವಲಕ್ಕಿ ಕೊಟ್ಟು, ನೇರವಾಗಿ ಕೇಳಿದರು: "ನಾವು ಮನಿ ಮನಿ ತಿರುಗಿ, ಕಾಲ ಬಿದ್ದು ಹೆಣ್ಣಮಕ್ಕಳನ್ನ ಸಾಲಿಗೆ ಕರ್ಕೊಂಡ ಬಂದೀವಿ. ಅಲ್ಲಿ ಬರೇ ಹುಡುಗ್ಯಾರ ಇರ್ತಾರ ಅಂತ ಆಣಿ ಮಾಡಿ ಹೇಳೀವಿ. ಈಗ ಇದ್ದಾಕಿ ಹುಡುಗಿನ ಅಲ್ಲ ಅಂದ್ರ ಊರಾಗ ಏನಂತಾರ? ನಾಳೆ ಹತ್ತು ಹುಡುಗ್ಯಾರ್ನ ಬಿಡಸ್ತಾರ, ಆಷಾಢ ಕಳದ ಮ್ಯಾಲೆ ಮದುವಿ ಮಾಡ್ತಾರ."

ಇದನ್ನು ಹಳೆಯ ಕಾಲದವರ ಮಾತು ಎಂದು ಬದಿಗಿಡಲು ನನಗೆ ಆಗಲಿಲ್ಲ. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದಿದ್ದರೂ ನಮ್ಮ ಜಿಲ್ಲೆಯಲ್ಲಿ ಒಂಬತ್ತನೇ ತರಗತಿಯ ಬೆಂಚು ಹೇಗೆ ಖಾಲಿಯಾಗುತ್ತದೆ ಎಂಬುದು ಎಲ್ಲ ಶಿಕ್ಷಕಿಯರಿಗೂ ಗೊತ್ತು. ಹೆಣ್ಣುಮಕ್ಕಳದೇ ಶಾಲೆ ಎಂಬ ಒಂದೇ ನಂಬಿಕೆಯ ಮೇಲೆ ಮಗಳನ್ನು ಕಳಿಸುವ ಮನೆಗಳಿವೆ. ಆ ನಂಬಿಕೆ ಬೆಳೆಯಲು ಎರಡು ತಲೆಮಾರು ಹಿಡಿದಿದೆ.

ಅವರ ಎರಡನೇ ಮಾತು ಇನ್ನೂ ಹರಿತ. "ಕೂದ್ಲಾ ಕತ್ತರಿಸ್ಕೊಂಡಾಕಿ, ಪ್ಯಾಂಟ್ ಹಾಕ್ಕೊಳ್ಳಾಕಿ, ಕಬಡ್ಡಿ ಆಡಾಕಿ, ಇವರೆಲ್ಲ ಹುಡುಗ್ಯಾರಲ್ಲ ಅನ್ನೂದಾದ್ರ ನಾವು ಮೂವತ್ತು ವರ್ಷ ಕಲಿಸಿದ್ದು ಏನು? ಹುಡುಗಿ ಇದನ್ನೆಲ್ಲ ಮಾಡಬಹುದು ಅಂತಲ್ಲೇನು?"

ಬ್ರಿಟನ್ನಿನ ಸ್ತ್ರೀವಾದಿಗಳಲ್ಲಿ ಒಂದು ಪಾಳಯ ಹೇಳುವುದೂ ಇದನ್ನೇ, ಅವಲಕ್ಕಿ ಒಂದಿಲ್ಲ. ಅಲ್ಲಿ ಲಿಂಗಭಾವದ, ಅಂದರೆ ತಾನು ಗಂಡೋ ಹೆಣ್ಣೋ ಎಂಬ ಒಳ ಅನಿಸಿಕೆಯ, ಚಿಕಿತ್ಸಾಲಯಕ್ಕೆ ಬರುವ ಮಕ್ಕಳಲ್ಲಿ ಹದಿಹರೆಯದ, ಹೆಣ್ಣಾಗಿ ಹುಟ್ಟಿದವರ ಸಂಖ್ಯೆ ಏಕಾಏಕಿ ಏರಿತು. ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ 2024ರ ಏಪ್ರಿಲ್‌ನಲ್ಲಿ ಕೊಟ್ಟ ವರದಿ ಇದನ್ನು ಗುರುತಿಸಿ, ಹರೆಯವನ್ನು ತಡೆಹಿಡಿಯುವ ಔಷಧಗಳಿಗೆ ಇರುವ ಆಧಾರ ದುರ್ಬಲ, ಅವಸರ ಬೇಡ ಎಂದಿತು. ಇಷ್ಟೊಂದು ಹುಡುಗಿಯರು ಹುಡುಗಿತನದಿಂದ ಓಡುತ್ತಿರುವುದೇಕೆ ಎಂಬುದು ನ್ಯಾಯವಾದ ಪ್ರಶ್ನೆ. ನಾನೂ ಅದನ್ನು ಕೇಳುತ್ತೇನೆ. ಆದರೆ ಮಗುವನ್ನು ಕೇಳುವ ಮೊದಲು ಶಾಲೆಯನ್ನು ಕೇಳುತ್ತೇನೆ. ಎರಡು ಜಡೆ, ಕೆಂಪು ರಿಬ್ಬನ್, ಎರಡೂ ಭುಜಕ್ಕೆ ಪಿನ್ ಹಾಕಿದ ವೇಲು, ಆಟದ ಪೀರಿಯಡ್ಡಿನಲ್ಲೂ ಅದೇ ವೇಲು, ಜೋರಾಗಿ ನಕ್ಕರೆ ಡೈರಿಯಲ್ಲಿ ಷರಾ. ಗಿಡ್ಡ ಕೂದಲಿನವಳು ಹುಡುಗಿಯಲ್ಲ ಎಂದು ಮೊದಲು ಹೇಳಿದ್ದು ಯಾವ ಇಂಟರ್ನೆಟ್ಟೂ ಅಲ್ಲ, ನಮ್ಮ ನೋಟಿಸ್ ಬೋರ್ಡು. ಇದನ್ನು ಮುಖ್ಯೋಪಾಧ್ಯಾಯಿನಿಯವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರಿಬ್ಬನ್ ರೂಲು ನಾನ ಮಾಡಿದ್ದು" ಎಂದರು.

ಹಾಗಾದರೆ ರೂಲು ಸಡಿಲಿಸಿದರೆ "ನಾ ಹುಡುಗಿ ಅಲ್ಲ" ಎನ್ನುವವರೇ ಇರುವುದಿಲ್ಲವೇ? ಬಹಳ ಮಂದಿ ಇರುವುದಿಲ್ಲ. ಕೆಲವರು ಉಳಿಯುತ್ತಾರೆ. ನನ್ನ ಕೆಲಸ ಇರುವುದು ಈ ಎರಡರ ನಡುವೆ.

ನಾನು ಕೇಳುವ ಒಂದು ಪ್ರಶ್ನೆ ಹೀಗೆ: "ಗಂಡಮಕ್ಕಳಿಗೆ ಇರೋದೆಲ್ಲ ನಿನಗ ಹುಡುಗಿ ಇದ್ಕೊಂಡನ ಸಿಕ್ಕರ?" ಹಿಂದೆ ಎಂಟನೇ ತರಗತಿಯ ಒಬ್ಬಳು ಕಣ್ಣರಳಿಸಿ, "ಸೈಕಲ್ಲೂ ಕೊಡಸ್ತಾರೇನ್ರೀ? ಹಂಗಾದ್ರ ಹುಡುಗಿನ ಇರತೀನಿ" ಎಂದಿದ್ದಳು. ಅಣ್ಣನಿಗೆ ಸಿಕ್ಕ ಸೈಕಲ್ಲು, ಅಣ್ಣನ ತಾಟಿನ ತತ್ತಿ, ಸಂಜೆ ಏಳರ ನಂತರದ ಬಯಲು ಅವಳಿಗೆ ಬೇಕಿದ್ದವು. ಅವಳಿಗೆ ಬೇಕಾದದ್ದು ಸ್ತ್ರೀವಾದ, ಸಮಾಲೋಚಕಿಯಲ್ಲ. ಜಡೆ ಕತ್ತರಿಸಿಕೊಂಡ ಮಗುವಿಗೂ ಇದೇ ಪ್ರಶ್ನೆ ಕೇಳಿದೆ. ತುಂಬಾ ಹೊತ್ತು ಉಗುರು ಕಿತ್ತುಕೊಳ್ಳುತ್ತ ಕೂತು, "ಹಂಗಾದ್ರೂ ಜಳಕಾ ಮಾಡೂವಾಗ ಲೈಟ್ ಬಂದ್ ಮಾಡತೀನ್ರೀ" ಎಂದಿತು.

ದೊಡ್ಡಾಕಿ ಆದಾಗಿನಿಂದ ಹಾಗೆಯೇ ಅಂತೆ. ಕತ್ತಲಲ್ಲಿ, ಮೈ ಕಾಣದಂತೆ ಜಳಕ. ಬಿಗಿಯಾಗಲೆಂದು ಒಂದರ ಮೇಲೊಂದು ಎರಡು ಒಳ ಅಂಗಿ, ಮೇ ತಿಂಗಳ ಬಿಸಿಲಿನಲ್ಲೂ. ಈ ಸಂಕಟಕ್ಕೆ ಸೈಕಲ್ಲು ಕೊಡಿಸಿದರೆ ಪರಿಹಾರವಿಲ್ಲ. ಇದು ಹುಚ್ಚೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಾಗ ಲಿಂಗಭಾವ ಮೈಗೆ ಹೊಂದದಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು. ಶಾಕ್ ಕೊಟ್ಟೋ, ಮಾತ್ರೆ ಕೊಟ್ಟೋ 'ಸರಿಮಾಡುವ' ಕೆಲಸವನ್ನು ಮದ್ರಾಸ್ ಹೈಕೋರ್ಟ್ 2021ರಲ್ಲೇ ನಿಷೇಧಿಸಲು ಹೇಳಿದೆ.

ಹಾಗೆಂದು ಒಂದು ಉತ್ತರ ಕೇಳಿ ಷರಾ ಬರೆಯುವಂತಿಲ್ಲ. ಮೈ ಕಂಡರೆ ಅಸಹ್ಯಪಡುವ ಮಗುವಿನ ಮೈಯನ್ನು ಯಾರಾದರೂ ಕೆಡಿಸಿರಬಹುದು. ಹಾಗಿದ್ದರೆ ಅದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ), ಪೊಲೀಸರಿಗೆ ತಿಳಿಸುವುದು ನನ್ನ ಮೇಲೂ ಶಾಲೆಯ ಮೇಲೂ ಇರುವ ಕಾನೂನಿನ ಹೊಣೆ. ಗೆಳತಿಯ ಮೇಲೆ ಮನಸ್ಸಾಗಿ, "ಅಂದ್ರ ನಾ ಗಂಡಸ ಇರಬೇಕಲ್ರೀ" ಎಂದು ತಾನೇ ತೀರ್ಮಾನಿಸಿಕೊಂಡವರೂ ಇರುತ್ತಾರೆ. ಹುಡುಗಿ ಹುಡುಗಿಯನ್ನು ಇಷ್ಟಪಡಬಹುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಹದಿನೈದು ತುಂಬಿದರೂ ಮುಟ್ಟಾಗದ ಮಗುವನ್ನು, ಗಲ್ಲದ ಮೇಲೆ ಗಡುಸು ಕೂದಲು ಬಂದ ಮಗುವನ್ನು ಮಾತಾಡಿಸಿ ಕಳಿಸದೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಹಾರ್ಮೋನಿನ ಏರುಪೇರು ಬೇರೆ, ಹುಟ್ಟಿನಿಂದಲೇ ದೇಹರಚನೆ ಭಿನ್ನವಿರುವುದು ಬೇರೆ, ಮನಸ್ಸಿನ ಗುರುತು ಬೇರೆ. ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ 2019ರ ನಮ್ಮ ಕಾನೂನೇ ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿತು, ಶಿಕ್ಷಕಿಯರನ್ನು ದೂರಿ ಏನು ಫಲ.

ಅವಸರದ ಓದಿಗೆ ಒಂದು ಉದಾಹರಣೆ. ಬೆಳಗಾವಿಯ ಒಂದು ಶಾಲೆಗೆ ಬೇರೆ ಕಡೆಯಿಂದ ಬಂದ ಶಿಕ್ಷಕಿಯೊಬ್ಬರು ನನ್ನ ಬಳಿ ಮೂರು ಹೆಸರಿನ ಪಟ್ಟಿ ತಂದರು. ಈ ಹುಡುಗಿಯರು 'ನಾನು ಬಂದೆ' ಎನ್ನಲು ಮರಾಠಿಯಲ್ಲಿ ಹೆಣ್ಣಿನ ರೂಪವಾದ 'ಮೀ ಆಲೆ' ಎನ್ನದೆ ಗಂಡಿನ ರೂಪವಾದ 'ಮೀ ಆಲೋ' ಎನ್ನುತ್ತಾರೆ, ತಮ್ಮನ್ನು ಗಂಡು ಎಂದುಕೊಂಡಿದ್ದಾರೆ ಎಂಬುದು ಅವರ ಆತಂಕ. ಕೊಲ್ಲಾಪುರದ ಕಡೆಯ ಆಡುಮಾತಿನಲ್ಲಿ ಹೆಂಗಸರೂ ಹಾಗೇ ಮಾತಾಡುತ್ತಾರೆ. ಆ ಲೆಕ್ಕದಲ್ಲಿ ಅವರ ಅಜ್ಜಿಯರನ್ನೂ ಕೌನ್ಸೆಲಿಂಗಿಗೆ ಕರೆಸಬೇಕಾಗುತ್ತಿತ್ತು.

ಕನ್ನಡದಲ್ಲಿ 'ನಾನು', 'ನೀನು' ಎನ್ನುವಾಗ ಗಂಡು ಹೆಣ್ಣೆಂಬ ಭೇದವೇ ಇಲ್ಲ. ಎದುರು ಕೂತ ಮಗುವಿನ ಜೊತೆ ವರ್ಷಗಟ್ಟಲೆ ಮಾತಾಡಿದರೂ ಕ್ರಿಯಾಪದ ಚುಚ್ಚುವುದಿಲ್ಲ. ಚುಚ್ಚುವುದು ಮೂರನೆಯವರ ಬಗ್ಗೆ ಆಡುವಾಗ, 'ಬಂದಳು' 'ಬಂದನು' ಎಂಬ ಬಾಲದಲ್ಲಿ. ಅದಕ್ಕೂ 'ಅವರು ಬಂದರು' ಎಂಬ ಮರ್ಯಾದೆಯ ದಾರಿ ಇದೆ. ಒಬ್ಬ ಕನ್ನಡದ ಅಕ್ಕೋರು ಇಡೀ ಕ್ಲಾಸನ್ನೇ ಬಹುವಚನದಲ್ಲಿ ಕರೆಯತೊಡಗಿದರು. ಎಲ್ಲ ಹುಡುಗಿಯರೂ ಖುಷಿಯಾಗಿದ್ದಾರೆ, ಕಾರಣ ಯಾರಿಗೂ ಗೊತ್ತಿಲ್ಲ.

ಸರ್ಕಾರದಿಂದ ಸಿಕ್ಕ ದಾರಿದೀಪ ಸ್ವಲ್ಪವೇ. ಲಿಂಗದ ಗುರುತನ್ನು ವ್ಯಕ್ತಿಯೇ ಹೇಳಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2019ರ ಕಾಯ್ದೆ ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯ ಕೂಡದು ಎಂದಿತು. ಹೇಗೆ ಎಂದು ಶಿಕ್ಷಕರಿಗೆ ತಿಳಿಸಲು ಎನ್‌ಸಿಇಆರ್‌ಟಿ ಮಾಡಿದ ಕೈಪಿಡಿಯನ್ನು 2021ರಲ್ಲಿ ಜಾಲತಾಣಕ್ಕೆ ಹಾಕಿ, ಆಕ್ಷೇಪ ಬಂದ ಕೂಡಲೇ ತೆಗೆದರು.

ಜಡೆಯ ಶಾಲೆಯಲ್ಲಿ ನಾವು ಮಾಡಿದ್ದು ಸಣ್ಣ ಕೆಲಸಗಳು. ಹೆಸರು ಬದಲಿಸಲಿಲ್ಲ. ಹದಿನಾಲ್ಕರ ಮಗುವಿಗೆ ಮನಸ್ಸು ಎರಡೂ ಕಡೆ ಹೋಗಿಬರುವಷ್ಟು ಬಾಗಿಲು ತೆರೆದಿರಬೇಕು ಎಂಬುದು ನನ್ನ ಅಭಿಪ್ರಾಯ, ನನಗಿಂತ ಕಿರಿಯ ಸಹೋದ್ಯೋಗಿಗಳು ಒಪ್ಪುವುದಿಲ್ಲ. ಕೂದಲು ಗಿಡ್ಡ ಇರಿಸಿಕೊಳ್ಳಲು ಎಲ್ಲರಿಗೂ ಅನುಮತಿ ಸಿಕ್ಕಿತು, ಮೊದಲ ವಾರದಲ್ಲೇ ಹನ್ನೊಂದು ಹುಡುಗಿಯರು ಕತ್ತರಿಸಿಕೊಂಡರು, ಆರು ಮಂದಿ ಪಾಲಕರು ಜಗಳಕ್ಕೆ ಬಂದರು. ಆಟದ ದಿನ ಟ್ರ್ಯಾಕ್ ಪ್ಯಾಂಟ್ ಆಯಿತು. ತಾಯಿಗೆ ಒಂದೇ ಮಾತು ಕೊಡಲು ಕೇಳಿಕೊಂಡೆ: ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಗುಡ್ಡಕ್ಕೂ ಒಯ್ಯಬೇಡಿ, ಗಂಡನ್ನೂ ನೋಡಬೇಡಿ. "ಗುಡ್ಡದ್ದು ಹೇಳಾಕ ಬರೂದಿಲ್ಲರೀ, ಮದುವಿದು ಆತು" ಎಂದರು.

ಸ್ಟಾಫ್ ಟಾಯ್ಲೆಟ್ಟುಗಳಲ್ಲಿ ಒಂದಕ್ಕೆ ಒಳಗಿನಿಂದ ಚಿಲಕ ಹಾಕಿಸಿ, ಅದರ ಕೀಲಿಯನ್ನು ಆಫೀಸ್ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದೆವು. ಮುಟ್ಟಾದವರು, ಹೊಟ್ಟೆ ಕೆಟ್ಟವರು, ಒಬ್ಬರೇ ಇರಬೇಕೆನಿಸಿದವರು, ಯಾರು ಬೇಕಾದರೂ ಕೇಳದೆ ಒಯ್ಯಬಹುದು. ನಾಲ್ಕು ತಿಂಗಳ ಮೇಲೆ ಹೋದಾಗ ಮೊಳೆ ಖಾಲಿ ಇತ್ತು. ಈಗಿನ ಮುಖ್ಯೋಪಾಧ್ಯಾಯಿನಿಯನ್ನು ಕೇಳಿದೆ, ಯಾರ್ಯಾರು ಒಯ್ಯುತ್ತಾರೆ ಎಂದು.

"ಬರದಿಟ್ಟಿಲ್ಲರೀ" ಎಂದರು.